ಜಿಂಕೆ ಮಾಂಸ ಬೇಯಿಸಿದ ಸ್ಲೋ ಕುಕ್ಕರ್ ಮೇಲೆ ನಿವೃತ್ತ ಗಾರ್ಡಿನ ದೂರು

ಸನ್ಮಾನ್ಯ ಸ್ಲೋ ಕುಕ್ಕರ್ ಅವರ ದುಂಡನೆಯ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಗಾಜಿನ ಮುಚ್ಚಳವೂ ಕ್ಷೇಮವೆಂದು ಭಾವಿಸಿ, ಡಬ್ಲಿನ್ನಿನ ನನ್ನ ಮಗಳು ಗೀತಾಳ ಅಡುಗೆಮನೆಯಲ್ಲಿ ತಮಗೆ ಎದುರಾಗಿಯೇ ಕುಳಿತು ಈ ದೂರನ್ನು ಬರೆಯುತ್ತಿದ್ದೇನೆ. ನಾನು ಚಿಕ್ಕಣ್ಣ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಮೂವತ್ತೊಂದು ವರ್ಷ ಫಾರೆಸ್ಟ್ ಗಾರ್ಡ್ ಆಗಿದ್ದವನು. ಯಾವ ಗುಡಿಸಲಿನಲ್ಲಿ ಜಿಂಕೆ ಬೇಯುತ್ತಿದೆಯೆಂದು ಮೂಗಿನಿಂದಲೇ ಕಂಡುಹಿಡಿದು ಹೆಸರು ಮಾಡಿದವನು.

ನಿನ್ನೆ ಬೆಳಿಗ್ಗೆ, ಪಕ್ಕದ ಮನೆಯ ಡೆಕ್ಲನ್ ಅವರು ಲೈಸೆನ್ಸ್ ಪಡೆದ ಬಂದೂಕಿನಿಂದ ವಿಕ್ಲೋ ಗುಡ್ಡದಲ್ಲಿ ಹೊಡೆದು ತಂದುಕೊಟ್ಟ ಜಿಂಕೆಯ ತೊಡೆಯನ್ನು ಗೀತಾ ಮಸಾಲೆ ಸಮೇತ ತಮ್ಮ ಹೊಟ್ಟೆಗೆ ಹಾಕಿ, ಸಣ್ಣ ಉರಿಯಲ್ಲಿ ಎಂಟು ಗಂಟೆಯೆಂದು ಗುಂಡಿ ತಿರುಗಿಸಿ, ಸಂಜೆ ಆರಕ್ಕೆ ಡೆಕ್ಲನ್ ಅವರನ್ನೇ ಊಟಕ್ಕೆ ಕರೆದು, ಮುಚ್ಚಳ ತೆಗೆಯಬೇಡಿ, ಸ್ವಿಚ್ ಆರಿಸಬೇಡಿ ಎಂದು ನನಗೆ ಎರಡೇ ಆಜ್ಞೆ ಕೊಟ್ಟು ಲುವಾಸ್ ಟ್ರಾಮ್ ಹತ್ತಿ ಸ್ಯಾಂಡಿಫರ್ಡಿನ ಆಫೀಸಿಗೆ ಹೋದಳು. ನಮ್ಮ ಕಡೆ ಯಾವುದಕ್ಕಾಗಿ ಜನ ಜೈಲು ಸೇರುತ್ತಾರೋ ಅದನ್ನು ತಾವು ಕಿಟಕಿಯ ಪಕ್ಕದಲ್ಲೇ, ಕೆಂಪು ದೀಪ ಹಚ್ಚಿಕೊಂಡು, ಹಾಡಹಗಲಲ್ಲಿ ಮಾಡುತ್ತಿದ್ದಿರಿ. ಇಂಥ ಎದೆಗಾರಿಕೆಯನ್ನು ನಾನು ನನ್ನ ಇಡೀ ಸರ್ವಿಸಿನಲ್ಲಿ ಕಂಡಿರಲಿಲ್ಲ.

ಹತ್ತು ಗಂಟೆಗೆ ತಮ್ಮ ಕೀರ್ತಿ ಬೀದಿಯವರೆಗೂ ಹಬ್ಬಿತು. ನಾನು ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಸಂದಿಗೆ ಟವೆಲ್ ತುರುಕಿದೆ. ಹನ್ನೊಂದಕ್ಕೆ ಬೆಲ್ ಆಯಿತು. ಗಾಜಿನಾಚೆ ಹಸಿರು ಜಾಕೆಟ್ಟಿನ ಮನುಷ್ಯನೊಬ್ಬ ಕಂಡದ್ದೇ ತಡ, ಇಲ್ಲಿಯ ಫಾರೆಸ್ಟಿನವನೇ ಎಂದುಕೊಂಡು ತಮ್ಮ ಪ್ಲಗ್ ಕಿತ್ತು, ತಮ್ಮನ್ನು ಎತ್ತಿಕೊಂಡು ಹೋಗಿ ಚಪ್ಪಲಿ ಕಪಾಟಿನಲ್ಲಿ ಅಡಗಿಸಿಟ್ಟು, ಆಮೇಲೆ ಬಾಗಿಲು ತೆರೆದೆ. ಬಂದವನು ಪೋಸ್ಟ್‌ಮ್ಯಾನ್. ಪಾರ್ಸೆಲ್ ಕೊಟ್ಟು, ಚಳಿಯ ಬಗ್ಗೆ ಎರಡು ಮಾತಾಡಿ ಹೋದ. ಅವನ ಹಿಂದೆ ಇನ್ಯಾರಾದರೂ ಬಂದಾರೆಂದು ಮೂರು ಗಂಟೆಯವರೆಗೆ ತಮ್ಮನ್ನು ಹೊರಗೆ ತಂದು ಮತ್ತೆ ಪ್ಲಗ್ ಚುಚ್ಚಲಿಲ್ಲ.

ಆ ಅಜ್ಞಾತವಾಸಕ್ಕೆ ಕ್ಷಮೆಯಿರಲಿ. ಆದರೆ ನಮ್ಮೂರ ಕುಕ್ಕರ್ ಹಾಗೆ ತಾವು ಒಂದು ಸಲವೂ ಕೂಗುವುದಿಲ್ಲವಾದ್ದರಿಂದ ನಾನು ಯಾವುದನ್ನು ನಂಬಿ ಕೂರಬೇಕು? ಇನ್ನು ಮುಂದೆ ತಾವು ದಯವಿಟ್ಟು ಕೂಗುವುದನ್ನು ಕಲಿತು, ಡೆಕ್ಲನ್ ಅವರ ಲೈಸೆನ್ಸಿನ ಒಂದು ನಕಲನ್ನು ಮುಚ್ಚಳಕ್ಕೆ ಅಂಟಿಸಿಕೊಂಡು, ತಮ್ಮ ವಾಸನೆ ನನ್ನ ಮೂಗಿನ ಸರಹದ್ದಿನೊಳಗೆ ಕಾಲಿಡುವ ಮುನ್ನ ಲಿಖಿತ ಅನುಮತಿ ಪಡೆಯಬೇಕಾಗಿ ವಿನಂತಿ.

ಆರಕ್ಕೆ ಸರಿಯಾಗಿ ಡೆಕ್ಲನ್ ಬಂದರು. ಮಾಂಸ ಮಾತ್ರ, ಕಪಾಟಿನ ನೆರೆಹೊರೆಯ ಪ್ರಭಾವವೋ ಏನೋ, ಚಪ್ಪಲಿಯಂತೆಯೇ ಇತ್ತು. ಗೀತಾಳ ಮುಖ ಸಪ್ಪಗಾಯಿತು. ನಾನು ತಲೆತಗ್ಗಿಸಿ ತಪ್ಪೊಪ್ಪಿಕೊಂಡೆ. ಆ ಮನುಷ್ಯ ಕೋಪಿಸಿಕೊಳ್ಳಲಿಲ್ಲ; ಕೋಟು ತೆಗೆದಿಟ್ಟು, ಟೀ ಕೇಳಿ, ಗ್ರ್ಯಾಂಡ್ ಗ್ರ್ಯಾಂಡ್ (ಪರವಾಗಿಲ್ಲ ಎಂಬುದಕ್ಕೆ ಇಲ್ಲಿಯವರ ಮಾತು) ಎನ್ನುತ್ತ, ಅವಸರವೇನಿದೆ, ಬೇಯುವವರೆಗೂ ಬಿಡಿ ಎಂದರು.

ಮಾನ್ಯರೇ, ನನ್ನ ನಿಜವಾದ ದೂರು ಇರುವುದು ಇಲ್ಲಿಯೇ. ಈ ಮಾತನ್ನು ಹಿಂದೊಮ್ಮೆ, ಗುಡಿಸಲಿನಲ್ಲಿ ಜಿಂಕೆ ಬೇಯಿಸುತ್ತಿದ್ದಾಗ ನನ್ನ ಕೈಗೆ ಸಿಕ್ಕ ನೀಲಮ್ಮ ಎಂಬ ಹೆಂಗಸು, ಮೂರು ಕಲ್ಲಿನ ಒಲೆಯ ಮುಂದೆ ಕೂತು, ನನಗೆ ಹೇಳಿದ್ದಳು: "ಬೇಯೋಗಂಟ ಆದ್ರೂ ಬುಡಿ ಸ್ವಾಮಿ, ಕೂಸು ಹಸ್ಕಂಡದೆ." ನಾನು ಸಾಕ್ಷಿಗೆಂದು ಒಂದು ತುಂಡು ಎತ್ತಿಟ್ಟುಕೊಂಡು ಉಳಿದದ್ದನ್ನು ಬೂದಿಗೆ ಸುರಿದೆ. ಕೇಸು ಹಾಕಿದ್ದು ಕಾನೂನು. ಹಸಿದ ಮಗುವಿನ ಎದುರು ಸುರಿದದ್ದು ಮಾತ್ರ ನನ್ನದೇ ಬುದ್ಧಿ, ಅದಕ್ಕೆ ಈಗ ನಾಚಿಕೆಯಾಗುತ್ತದೆ. ಕಾಡಂಚಿನ ಆ ಗುಡಿಸಲಿನವರೆಲ್ಲ ನನ್ನ ಮೂಗಿಗೆ ಹೆದರಿ ದೊಡ್ಡ ಉರಿಯಲ್ಲಿ ಅರೆಬರೆ ಬೇಯಿಸಿ ನುಂಗುತ್ತಿದ್ದರು. ತಮ್ಮ ಈ ಲೋಕಪ್ರಸಿದ್ಧ ತಾಳ್ಮೆ ಕಾಗದಪತ್ರ ಸರಿಯಿದ್ದವರಿಗಷ್ಟೇ ಲಭ್ಯವೆಂದು ತಮ್ಮ ಡಬ್ಬದ ಮೇಲೆ ಎಲ್ಲಿಯೂ ಬರೆದಿಲ್ಲ.

ಎಂಟೂವರೆಗೆ ಬಡಿಸಿದರು. ಬೆಣ್ಣೆಯಂತೆ ಬೆಂದಿದೆ ಎಂದು ಎಲ್ಲರೂ ಹೊಗಳಿದರು. ನನ್ನ ತಟ್ಟೆಯದು ಮಾತ್ರ ಬಡಿಸಿದ ಹಾಗೆಯೇ ಉಳಿಯಿತು. ಅದು ತಮ್ಮ ದೋಷವಲ್ಲ.

ತಮ್ಮ ವಿಶ್ವಾಸಿ (ವಿಶ್ವಾಸ ಇನ್ನೂ ಪೂರ್ತಿ ಬೆಂದಿಲ್ಲವಾದರೂ),
ಚಿಕ್ಕಣ್ಣ

ತಾ.ಕ.: ನೀಲಮ್ಮನ ಮಡಕೆ ಹಿಡಿದದ್ದಕ್ಕೆ ನನಗೆ ಪ್ರಶಂಸಾಪತ್ರ ಸಿಕ್ಕಿತ್ತು, ಕಟ್ಟು ಹಾಕಿಸಿ ಊರ ಮನೆಯ ಗೋಡೆಗೆ ತೂಗುಹಾಕಿದ್ದೇನೆ. ಅದನ್ನು ತಮ್ಮಲ್ಲಿಟ್ಟರೆ ನುಂಗುವಷ್ಟು ಮೆತ್ತಗಾಗಲು ಎಷ್ಟು ಗಂಟೆ ಬೇಕೆಂದು ದಯವಿಟ್ಟು ತಿಳಿಸಿ. ಉಪ್ಪು ನಾನೇ ತರುತ್ತೇನೆ.