ಖಾಲಾ ಇರುವ ಮನೆಯಲ್ಲಿ ಸಿಟ್ಟು ನಿಲ್ಲದು

ನಮ್ಮ ಮನೆಯಲ್ಲಿ ಸಿಟ್ಟಿಗೇಳುವುದು ಬಹಳ ಕಷ್ಟ. ಎದ್ದವರನ್ನು ನನ್ನ ಖಾಲಾ ತಕ್ಷಣ ಕೂರಿಸಿಬಿಡುತ್ತಾಳೆ. ಕೂತರೂ ಸಿಟ್ಟು ಇಳಿಯಲಿಲ್ಲವೋ, ಮಲಗಿಸಿಯೇಬಿಡುತ್ತಾಳೆ!

ಖಾಲಾ ಎಂದರೆ ನನ್ನ ಅಮ್ಮನ ಅಕ್ಕ. ಗಂಡ ತೀರಿಕೊಂಡ ಮೇಲೆ ಮೊರಬದ ನಮ್ಮ ಮನೆಗೆ ಬಂದವಳು, ತನ್ನನ್ನು ನಾನಿ, ಅಂದರೆ ಅಜ್ಜಿ, ಎಂದು ಕರೆಯುವ ನನ್ನ ಮಗಳು ಸಬಾಳ ಓದಿನ ಉಸ್ತುವಾರಿಯನ್ನು ಯಾರೂ ಕೇಳದೆ ವಹಿಸಿಕೊಂಡಳು. "ನಿಂತಾಗ ಸಿಟ್ಟು ಬಂದ್ರ ಕುಂದ್ರಬೇಕು, ಕುಂತರೂ ಹೋಗ್ಲಿಲ್ಲಂದ್ರ ಅಡ್ಡಾಗಬೇಕು ಅಂತ ಪೈಗಂಬರರು ಹೇಳ್ಯಾರ" ಎನ್ನುವುದೇ ಅವಳ ಸಂವಿಧಾನ. ಮಾತು ಸರಿಯೇ. ಆದರೆ ಅದನ್ನು ಇಷ್ಟು ಚಾಚೂ ತಪ್ಪದೆ ಪಾಲಿಸುವವರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಒಮ್ಮೆ ಭಾಗಾಕಾರ ಬಾರದೆ ಸಬಾ ಪೆನ್ಸಿಲ್ ಒಗೆದಳು. ಖಾಲಾ ಚಾಪೆ ಹಾಸಿದಳು.

"ಲೆಕ್ಕ ಬರವಲ್ದು ನಾನಿ!"

"ಲೆಕ್ಕ ಎಲ್ಲಿ ಓಡಿ ಹೋಗತೈತಿ? ನೀ ಮಲ್ಕೊ."

ಧೈರ್ಯ ತುಂಬಲು ತಾನೂ ಪಕ್ಕದಲ್ಲಿ ಮಲಗಿದಳು. ಸ್ವಲ್ಪ ಹೊತ್ತಿನಲ್ಲೇ ಗೊರಕೆ ಶುರು! ಅದನ್ನು ಕೇಳಿ ನಕ್ಕು ನಕ್ಕು ಸಾಕಾದ ಸಬಾ, ಎದ್ದು ಕೂತು ತಾನೇ ಲೆಕ್ಕ ಬಿಡಿಸಿದಳು.

ನನ್ನ ಗಂಡನೂ ಪಾರಾಗಲಿಲ್ಲ. ಹತ್ತಿ ಹೊಲದಲ್ಲಿ ಟ್ರ್ಯಾಕ್ಟರ್ ಚಾಲೂ ಆಗದೆ ಅವರು ಅದರ ಗಾಲಿಗೆ ಒದೆಯುತ್ತಿದ್ದರು. ಬುತ್ತಿ ತಂದಿದ್ದ ಖಾಲಾ ನೆಲದ ಮೇಲೆ ಚಾದರ ಹಾಸಿದಳು.

"ಅಡ್ಡಾಗು ಬೇಟಾ."

"ಖಾಲಾ, ಮಂದಿ ನೋಡ್ತಾರರಿ!"

"ಒದಿಯೂದನ್ನ ನೋಡೂಕಿಂತ ಇದನ್ನ ನೋಡ್ಲಿ."

ಪಾಪ, ಮಲಗಿದರು. ಬೈಕಿನಲ್ಲಿ ಹೋಗುತ್ತಿದ್ದ ಬಾಜು ಹೊಲದವರು ಟ್ರ್ಯಾಕ್ಟರ್ ಮೈಮೇಲೆ ಹೋಗಿದೆ ಎಂದುಕೊಂಡು ಕೂಗಿ ಊರನ್ನೇ ಸೇರಿಸಿದರು! ಸಿಟ್ಟು ಎಲ್ಲಿ ಹೋಯಿತೋ, ನಾಚಿಕೆಯಿಂದ ನನ್ನ ಗಂಡನಿಗೆ ಏಳಲೂ ಆಗಲಿಲ್ಲ.

ಸಬಾ ಮದರಸಾದಲ್ಲಿ ಕಲಿತ ಕುರಾನಿನ ಪಾಠವನ್ನು ಸಂಜೆ ಖಾಲಾಳ ಮುಂದೆ ಓದಿ ಒಪ್ಪಿಸುತ್ತಿದ್ದಳು. ಗಂಟಲಿನಿಂದ ಹೊರಡಬೇಕಾದ ಒಂದು ಅಕ್ಷರ ಹೊರಡದೆ ಅತ್ತಾಗ ಖಾಲಾ ಹೇಳಿದಳು: "ಕಷ್ಟಪಟ್ಟು ತಡವರಿಸಿ ಓದಿದವರಿಗೆ ಎರಡು ಸವಾಬು ಐತಿ." ಅಲ್ಲಾಹ ಕೊಡುವ ಆ ಪುಣ್ಯ ಬರುವುದು ತಡವಾದೀತೆಂದೋ ಏನೋ, ಎರಡು ಶೇಂಗಾ ಉಂಡೆಯನ್ನೂ ಕೈಗಿಟ್ಟಳು. ಸರಾಗ ಓದಿದವರಿಗೆ ಒಂದೇ! ಮರುದಿನದಿಂದ ಓಣಿಯ ಮಕ್ಕಳೆಲ್ಲ ಪಾಠ ಒಪ್ಪಿಸಲು ನಮ್ಮ ಮನೆಗೇ ಬಂದು ತೊದಲತೊಡಗಿದರು.

"ಖಾಲಾ, ಇವು ಬೇಕಂತ ತಪ್ಪತಾವ!"

"ತಪ್ಪಲಿ ಬಿಡು. ತಪ್ಪಿದ್ರ ಮನಿ ಮುಳುಗಂಗಿಲ್ಲಂತ ಗೊತ್ತಾಗ್ಲಿ."

ಹೋದ ವರ್ಷ ಸಬಾ ಕುರಾನನ್ನು ಕೊನೆಯವರೆಗೆ ಓದಿ ಮುಗಿಸಿದಳು. ಮನೆ ತುಂಬ ನೆಂಟರು. ಶಿರಾ ಹಂಚುವ ಹೊತ್ತಿಗೆ ಖಾಲಾ ಕಾಣಲಿಲ್ಲ. ಹುಡುಕಿದರೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅಳುತ್ತಿದ್ದಳು.

"ಏನಾತು ಖಾಲಾ?"

"ಸಣ್ಣಾಕಿದ್ದಾಗ ಒಂದು ಅಕ್ಷರಕ್ಕ ಸಿಕ್ಕೊಂಡು ಅತ್ತಿದ್ದೆ. 'ಇದು ನಿನ್ನ ತಲ್ಯಾಗ ಹೋಗಂಗಿಲ್ಲ, ರೊಟ್ಟಿ ಬಡಿ ನಡಿ' ಅಂದ್ರು ಮನ್ಯಾಗ. ಮತ್ತ ಯಾರೂ ಓದಾಕ ಕುಂದ್ರಸ್ಲಿಲ್ಲ ಬೇಟಿ."

ನಾನು ದಂಗಾದೆ. ನಮಾಜಿನಲ್ಲಿ ಹೇಳುವ ಕುರಾನಿನ ಸೂರಾಗಳೆಲ್ಲ ಅವಳಿಗೆ ಬಾಯಿಪಾಠ. ಓದಲು ಬರುತ್ತದೆ ಎಂದೇ ತಿಳಿದಿದ್ದೆ. ದಿನವೂ ನನ್ನ ಮಗಳನ್ನು ಕೂರಿಸಿಕೊಂಡು ಪುಟ ನೋಡುತ್ತಿದ್ದವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ!

ಬಾಗಿಲಲ್ಲಿ ನಿಂತಿದ್ದ ಸಬಾ ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಓಡಿ ತನ್ನ ಮೊದಲ ಅರಬ್ಬಿ ಅಕ್ಷರಮಾಲೆಯ ಪುಸ್ತಕ ತಂದಳು. ಹೊಸ ಬಟ್ಟೆಯಲ್ಲೇ ನೆಲಕ್ಕೆ ಕೂತು, ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಆ ಬೆರಳನ್ನು ಹಿಡಿದು ಗೆರೆಯಂಥ ಮೊದಲ ಅಕ್ಷರದ ಮೇಲಿಟ್ಟಳು.

"ಅಲಿಫ್ ಅನ್ನು ನಾನಿ."

ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡು ಪುಟದತ್ತ ಬಾಗಿದಳು. ಒಳಗೆ ನೆಂಟರು ಶಿರಾಕ್ಕೆ ಕಾಯುತ್ತಿದ್ದರು. ಅಲ್ಲಾಹನಿಗೆ ಮನಸ್ಸಿನಲ್ಲೇ ಕೃತಜ್ಞತೆಯ ಶುಕ್ರ್ ಹೇಳುತ್ತ, ನಾನು ಮೆಲ್ಲಗೆ ಹಿತ್ತಲ ಬಾಗಿಲು ಮುಂದೆ ಮಾಡಿಕೊಂಡೆ. ಕಾಯಲಿ.