ಭಾವ, ಅಮ್ಮ ಮತ್ತು ದಾಸವಾಳದ ಸೂರಕ್ಕಿ

ನನ್ನ ಭಾವ ಒಂದು ಹಕ್ಕಿಯ ಮುಲಾಜಿಗೆ ಬಿದ್ದು ಬಿಳಿ ಅಂಗಿ ಹಾಕುವುದನ್ನೇ ಬಿಟ್ಟ ಮನುಷ್ಯ. ಹದ್ದೋ ಗರುಡನೋ ಇರಬೇಕು ಅಂದುಕೊಳ್ಳಬೇಡಿ. ಹೂವಿನ ಜೇನು ಹೀರುವ ಸೂರಕ್ಕಿ. ಬಾಲ ಸೇರಿಸಿದರೂ ಒಂದು ಬೆರಳಿನಷ್ಟು ಉದ್ದವಿದ್ದೀತು. ಬಿಳಿ ಕಂಡರೆ ಅದು ಹತ್ತಿರ ಬರುವುದಿಲ್ಲ ಎಂದು ಭಾವ ತೀರ್ಮಾನಿಸಿದ ಮೇಲೆ, ಅಕ್ಕ ಅವರ ಅಷ್ಟೂ ಅಂಗಿಗಳನ್ನು ಕಾಫಿ ಬಣ್ಣದಲ್ಲಿ ಅದ್ದಿ ಕೊಡಬೇಕಾಯಿತು.

ಇದು ಅರುವತ್ತರ ದಶಕದ ಮಾತು. ತೋಡಾರಿನ ಮನೆಯಲ್ಲಿ ಅಮ್ಮ, ಅಕ್ಕ, ಭಾವ ಮತ್ತು ನಾನು ಇದ್ದೆವು. ನಾನು ಮೂಡುಬಿದಿರೆಯ ಶಾಲೆಯಲ್ಲಿ ಟೀಚರು, ಭಾವನಿಗೆ ಅಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ. ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಂಗಳೂರಿಗೆ ಹೋಗಿ ಆಪರೇಷನ್ ಮಾಡಿಸುವ ಎಂದು ಭಾವ ಎರಡು ವರ್ಷದಿಂದ ಹೇಳುತ್ತಿದ್ದರು. "ಈಗ ಬೆಳಕಾದರೂ ಕಾಣ್ತದೆ. ಅದೂ ಹೋದರೆ?" ಎಂದು ಅಮ್ಮ ಮಾತು ಮುಗಿಸಿಬಿಡುತ್ತಿದ್ದರು.

ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದ ಅಮ್ಮ ಕೇಳಿದರು: "ದಾಸವಾಳದಲ್ಲಿ ಕೂಗುವುದು ಸೂರಕ್ಕಿಯಲ್ವಾ? ಅದರ ಹೊಟ್ಟೆ ಹಳದಿಯೋ ಬಿಳಿಯೋ? ನನಗೆ ಮರೆತೇಹೋಯಿತು."

"ಹಳದಿ, ಅತ್ತೆ. ಕುತ್ತಿಗೆ ನೇರಳೆ. ಅಲ್ಲ, ತಿರುಗಿದರೆ ಬೇರೆಯೇ ಕಾಣ್ತದೆ..." ಎಂದು ಭಾವ ಹೇಳುವಷ್ಟರಲ್ಲಿ ಹಕ್ಕಿ ಹಾರಿತು. "ನಿಲ್ಲಿ, ಫೋಟೋ ತೆಗೆದು ದೊಡ್ಡದು ಮಾಡಿ ಕೊಡ್ತೇನೆ."

"ಕಣ್ಣು ಕಾಣದವರಿಗೆ ಫೋಟೋವಾ ಭಾವ?" ಎಂದು ನಾನು ನಕ್ಕೆ.

"ನಿನಗೆ ಕಣ್ಣು ಉಂಟಲ್ಲ, ಹಳದಿಯೋ ಬಿಳಿಯೋ ನೋಡಿದ್ದೀಯಾ?" ಎಂದರು. ನಾನು ನೋಡಿರಲಿಲ್ಲ.

ಮಾರನೆಯ ದಿನದಿಂದ ಶುರು. ಗಿಡದ ಮುಂದೆ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಕ್ಯಾಮೆರಾ. ಕ್ಯಾಮೆರಾದಿಂದ ಉದ್ದದ ರಬ್ಬರು ನಳಿಗೆ, ಅದರ ತುದಿಯಲ್ಲೊಂದು ರಬ್ಬರು ಉಂಡೆ. ಗೋಣಿಯ ಪರದೆಯ ಹಿಂದೆ ಕೂತು ಉಂಡೆ ಹಿಸುಕಿದರೆ ಫ್ಲ್ಯಾಶ್ ಬಲ್ಬು ಹೊತ್ತಿ ಫೋಟೋ ಬೀಳುತ್ತದೆ. ಒಂದು ಬಲ್ಬು ಒಂದೇ ಸಲಕ್ಕೆ. ನೆರಳು ಬೀಳದಂತೆ ಪಕ್ಕದಲ್ಲಿ ಇನ್ನೊಂದು ಫ್ಲ್ಯಾಶ್ ಬೇಕಿತ್ತು. ಅದರ ಬೆಳಕನ್ನು ಹೂವಿನ ಕಡೆಗೆ ತಿರುಗಿಸಲು ಭಾವ ಅಕ್ಕನ ಹೊಸ ಅಲ್ಯೂಮಿನಿಯಂ ಬೋಗುಣಿಯ ತಳಕ್ಕೆ ತೂತು ಕೊರೆದು ಬಲ್ಬು ಸಿಕ್ಕಿಸಿದರು. ಅಕ್ಕನಿಗೆ ಈ ಸಂಗತಿ ಗೊತ್ತಾದದ್ದು, ಕೆಲಸ ಮುಗಿದ ಮೇಲೆ ಭಾವ ತೊಳೆದಿಟ್ಟ ಬೋಗುಣಿಗೆ ನೆಂಟರೆದುರು ಗಂಜಿ ಬಡಿಸಿದಾಗ.

ಹಕ್ಕಿ ಯಾವ ಹೂವಿಗೆ ಬರುತ್ತದೆಂದು ಯಾರಿಗೆ ಗೊತ್ತು? ಅದಕ್ಕೆ ಭಾವ ಒಂದು ಹೂ ಬಿಟ್ಟು ಉಳಿದದ್ದನ್ನೆಲ್ಲ ಕೊಯ್ದು ಅಮ್ಮನ ಪೂಜೆಗೆ ಕೊಡುತ್ತಿದ್ದರು. ದೇವರಿಗೆ ಲಾಭವಾಯಿತು. ಹಕ್ಕಿಯೂ ಆ ಒಂದೇ ಹೂವಿಗೆ ಬರತೊಡಗಿತು. ಆದರೆ ಭಾವ ಉಂಡೆ ಹಿಸುಕಿ, ಫಿಲ್ಮು ತೊಳೆದು ನೋಡಿದರೆ ಪ್ರತಿ ಸಲವೂ ಬರೀ ಹೂವು. "ದಾಸವಾಳ ಚಂದ ಬಂದಿದೆ ಮಾರಾಯ್ರೆ" ಎಂದು ಸ್ಟುಡಿಯೋಕ್ಕೆ ಬಂದವರೆಲ್ಲ ಹೊಗಳುವುದು ಬೇರೆ.

ಬೆಳ್ತಂಗಡಿಯ ಮದುವೆಯೊಂದಕ್ಕೆ ಹೋಗುವಾಗ ಭಾವನ ಚೀಲದಲ್ಲಿ ಉಳಿದದ್ದು ಒಂದೇ ಬಲ್ಬು. ಅದು ಧಾರೆಗೆ ಖರ್ಚಾಯಿತು. ಉಳಿದ ಫೋಟೋಗಳಿಗೆ ಇಡೀ ದಿಬ್ಬಣವನ್ನು ಮಧ್ಯಾಹ್ನದ ಬಿಸಿಲಲ್ಲಿ ಅಂಗಳಕ್ಕೆ ಇಳಿಸಿದರು. ಮದುಮಗ ಒಂದರಲ್ಲೂ ಕಣ್ಣು ತೆರೆದಿರಲಿಲ್ಲ. ಅವನ ಮಾವ ಸ್ಟುಡಿಯೋಕ್ಕೇ ಬಂದು, "ನೀವು ಫೋಟೋ ತೆಗೆದದ್ದು ಮದುವೆಯದ್ದಾ, ನಿದ್ದೆಯದ್ದಾ?" ಎಂದು ಕೇಳಿ ಹೋದರು.

ಆ ದಿನ ಭಾವ ಮುಖ ಸಣ್ಣ ಮಾಡಿಕೊಂಡು ಜಗಲಿಯಲ್ಲಿ ಕೂತಿದ್ದರು. ಅಮ್ಮ ಕೇಳಿದರು: "ನೀವು ಉಂಡೆ ಹಿಸುಕುವುದು ಯಾವಾಗ?"

"ಅದು ಕೂಗಿದ ಕೂಡಲೇ."

"ಹಾಗಾದರೆ ಹೇಗೆ ಸಿಗ್ತದೆ? ಕೂಗುವುದು ಬರುವಾಗ, ಹೋಗುವಾಗ. ಹೂವಿಗೆ ಕೊಕ್ಕು ಹಾಕಿದ ಮೇಲೆ ಅದು ಸುಮ್ಮನಾಗ್ತದೆ. ನಾನು ದಿನಾ ಕೇಳ್ತಾ ಇದ್ದೇನಲ್ಲ."

ಮರುದಿನ ಅಮ್ಮ ಬೆರಳೆತ್ತಿ ಕೂತರು, ಭಾವ ಆ ಬೆರಳನ್ನೇ ನೋಡುತ್ತ ಕೂತರು. ಕೂಗು ಕೇಳಿಸಿತು, ನಿಂತಿತು. ಅಮ್ಮನ ಬೆರಳು ಇಳಿಯಿತು. ಫಕ್ಕನೆ ಬೆಳಕು.

ಈ ಸಲ ಹಕ್ಕಿ ಸಿಕ್ಕಿತ್ತು. ರೆಕ್ಕೆ ಸ್ವಲ್ಪ ಅಲುಗಿದರೂ ಕೊಕ್ಕು ಹೂವಿನೊಳಗೆ ಹೋಗುವ ಜಾಗ ಸ್ಪಷ್ಟವಾಗಿತ್ತು. ಭಾವ ಅದನ್ನು ಸ್ಲೇಟಿಗಿಂತ ದೊಡ್ಡದು ಮಾಡಿದರು. ಆಗ ನಮ್ಮಲ್ಲಿ ಎಲ್ಲವೂ ಕಪ್ಪು ಬಿಳುಪಿನ ಫೋಟೋವೇ. ಮೂರು ದಿನ ಸ್ಟುಡಿಯೋದ ಬಾಗಿಲು ಹಾಕಿಕೊಂಡು, ಕಡ್ಡಿಗೆ ಹತ್ತಿ ಸುತ್ತಿ, ತಾವೇ ಬಣ್ಣ ಹಚ್ಚಿ ತಂದು ಅಮ್ಮನ ಕೈಗೆ ಕೊಟ್ಟರು.

ಅಮ್ಮ ಅದನ್ನು ಬಿಸಿಲಿಗೆ ಹಿಡಿದು ಮೂಗು ತಾಗುವಷ್ಟು ಹತ್ತಿರ ತಂದರು.

"ಈ ಕೆಂಪು, ಹೂವು."

"ಹೌದು ಅತ್ತೆ."

"ಇಲ್ಲಿ ಹಳದಿ ಉಂಟು. ಹೊಟ್ಟೆಯಾ?"

"ಹೊಟ್ಟೆ."

"ಕೊಕ್ಕು ಎಲ್ಲಿ?"

ಭಾವ ಅವರ ಬೆರಳು ಹಿಡಿದು ಇಟ್ಟರು. "ಇಲ್ಲಿಂದ ಇಲ್ಲಿಯವರೆಗೆ. ಸ್ವಲ್ಪ ಬಾಗಿದೆ."

ಅಮ್ಮ ತುಂಬ ಹೊತ್ತು ನೋಡಿದರು. "ಕಾಣ್ತಾ ಇಲ್ಲ," ಎಂದರು.

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಭಾವ, "ಇನ್ನೂ ದೊಡ್ಡದು ಮಾಡುವ, ಅತ್ತೆ. ಬಾಗಿಲಿನಷ್ಟು," ಎಂದರು.

"ಬೇಡ. ನೀವು ಎಷ್ಟೂಂತ ದೊಡ್ಡದು ಮಾಡ್ತೀರಿ? ಹಕ್ಕಿ ಇರುವಷ್ಟೇ ಇರಲಿ." ಅಮ್ಮ ಫೋಟೋವನ್ನು ಮಡಿಲಲ್ಲಿಟ್ಟುಕೊಂಡರು. "ಮಂಗಳೂರಿಗೆ ಯಾವಾಗ ಹೋಗುವ?"

ಭಾವ ಬಸ್ಸಿನ ಹೊತ್ತು ಕೇಳಿಕೊಂಡು ಬರಲು ಎದ್ದರು, ಚಪ್ಪಲಿ ಮೆಟ್ಟುವುದನ್ನೂ ಮರೆತು ರಸ್ತೆಗೆ ಇಳಿದರು.