ರ‍್ಯಾಂಪಿಗೆ ಒಬ್ಬರು ಕಡಿಮೆ

ಆಫೀಸಿನಲ್ಲಿ ನಾನು ಬಾಯಿ ಬಿಡುವುದೇ ಅಪರೂಪ. ಮನೆಗೆ ಬಂದರೆ ಅಮ್ಮನಿಗೆ ಒಂದೂ ಬಿಡದೆ ಹೇಳುತ್ತೇನೆ. ನವಿ ಮುಂಬಯಿಯ ತುರ್ಭೆಯಲ್ಲಿ ನಾವು ಕಟ್ಟಿದ ರ‍್ಯಾಂಪ್ ಇರುವವರೆಗೆ ಹೇಳುವುದಕ್ಕೇನೂ ಬರವಿಲ್ಲ. ಕೆಳಗಿನ ರಸ್ತೆಯಿಂದ ನೇರ ಹೈವೇಗೆ ಏರುವ ಈ ದಾರಿ ಬಸ್ಸುಗಳಿಗೆ, ಮತ್ತೆ ಕನಿಷ್ಠ ಮೂರು ಜನ ಕೂತ ಕಾರುಗಳಿಗೆ ಮಾತ್ರ. ಸದ್ಯಕ್ಕೆ ಟ್ರಯಲ್. ತುಂಬಿದ ಕಾರು ಬರದಿದ್ದರೆ ಗೇಟು ಕಿತ್ತು ಎಲ್ಲರನ್ನೂ ಬಿಡುತ್ತಾರೆ. ಕಲ್ಯಾಣದ ಬಸ್ಸು ಮತ್ತೆ ಜಾಮಿನಲ್ಲೇ. ನಾನು ಡ್ರಾಯಿಂಗ್ ಮಾಡಿದ ಮೊದಲ ರ‍್ಯಾಂಪ್ ಇದು. ಅದಕ್ಕೇ ಸಮಯ ಸಿಕ್ಕಾಗಲೆಲ್ಲ ಗೇಟಿನ ಹತ್ತಿರ ನಿಂತು ಕಾರು ಎಣಿಸುತ್ತೇನೆ.

೧. ಬೆಲ್ಟ್ ಹಾಕಿಕೊಂಡ ಬ್ಯಾಗು

ಮೂರು ಜನರ ನಿಯಮ ಬರೆದವರು ನಮ್ಮ ಸಾಹೇಬರು, ಮೈಸೂರಿನವರು. "ಒಬ್ಬರಿಗೆ ಒಂದು ಕಾರು ಅನ್ನೋದು ಪಾಪ ಕಣ್ರೀ" ಎಂದು ಪ್ರತಿ ಮೀಟಿಂಗಿನಲ್ಲೂ ಹೇಳುತ್ತಾರೆ. ಥಾಣೆಯ ಮನೆಯಿಂದ ದಿನಾ ತಾವೊಬ್ಬರೇ ಕಾರು ಓಡಿಸಿಕೊಂಡು ಬರುತ್ತಾರೆ. ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಬ್ಯಾಗು. ಕಾರು ಪೀಂ ಪೀಂ ಅನ್ನುತ್ತದೆಂದು ಅದಕ್ಕೂ ಸೀಟ್ ಬೆಲ್ಟ್.

ಇದನ್ನು ಅಮ್ಮನಿಗೆ ಆಡಿ ತೋರಿಸಿದೆ. ಅಮ್ಮ ಉಡುಪಿ ಕಡೆಯವಳು. "ಇನ್ನೊಂದು ಬ್ಯಾಗ್ ಇಟ್ಟರೆ ಮೂರಾಯ್ತಲ್ಲ ಮಾರಾಯ್ತಿ!"

೨. ಬಪ್ಪಾ ಎಲ್ಲಿ?

ಚೌತಿಯ ಹಿಂದಿನ ದಿನ ಒಂದು ಕಾರು ಬಂತು. ಮುಂದೆ ಗಂಡ ಹೆಂಡತಿ, ಹಿಂದೆ ಮನೆಗೆ ಒಯ್ಯುತ್ತಿದ್ದ ಗಣಪತಿ. ಗೇಟಿನ ಗಾರ್ಡ್ "ಇಬ್ಬರೇ" ಎಂದ. ಹೆಂಡತಿಗೆ ಸಿಟ್ಟು ಬಂತು: "ಬಪ್ಪಾ ಲೆಕ್ಕಕ್ಕಿಲ್ಲವಾ?" ಗಾರ್ಡ್ ಕೈಮುಗಿದು ಗೇಟು ಎತ್ತಿದ.

ಮರುದಿನ ಅದೇ ದಂಪತಿ, ಹಿಂದಿನ ಸೀಟು ಖಾಲಿ.

"ಬಪ್ಪಾ ಎಲ್ಲಿ?"

"ಮನೆಯಲ್ಲಿ ಕೂರಿಸಿದ್ದೇವೆ."

"ಹಾಗಾದರೆ ಇವತ್ತು ವಿಘ್ನ ನಾನೇ. ಕೆಳಗಿನ ರಸ್ತೆ ಹಿಡೀರಿ."

೩. ತುಂಬಿದ ರಿಕ್ಷಾ

ಒಬ್ಬ ಶೇರ್ ರಿಕ್ಷಾದವನೂ ಗೇಟಿಗೆ ಬಂದ. "ಮೂರು ಚಕ್ರಕ್ಕೆ ಹೈವೇ ಇಲ್ಲ" ಎಂದೆ, ಅವನಿಗೆ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ಕೇಳಿಸಿತ್ತು. "ನನ್ನ ಗಾಡಿಯಲ್ಲಿ ಐದು ಜನ ಇದ್ದಾರೆ ಮೇಡಂ. ಇಬ್ಬರನ್ನ ಒಬ್ಬರೇ ಬರೋ ನಿಮ್ಮ ಸಾಹೇಬರಿಗೆ ಕೊಡಲಾ?"

೪. ಏಕ್ ಸೀಟ್!

ಬೇಲಾಪುರದಿಂದ ದೊಡ್ಡ ಆಫೀಸರ್ ಬಂದು ಟ್ರಯಲ್ ಮುಂದುವರಿಸುವುದೋ ಬೇಡವೋ ಹೇಳುವ ದಿನ. ಗಾಬರಿಯಲ್ಲಿ ಊಟದ ಡಬ್ಬ ಮನೆಯಲ್ಲೇ ಬಿಟ್ಟು ಬಂದಿದ್ದೆ. ರ‍್ಯಾಂಪಿನ ಮೇಲ್ತುದಿಯಲ್ಲಿ ಆಫೀಸರ್ ಪಕ್ಕ ನಿಂತಿದ್ದೆ. ಸಾಹೇಬರು ತುಂಬಿದ ಕಾರಿನಲ್ಲಿ ಏರಿ ಬಂದು ತೋರಿಸಬೇಕಿತ್ತು.

ಕೆಳಗೆ ನಡೆದದ್ದನ್ನು ಆಮೇಲೆ ನಮ್ಮ ಸರ್ವೇಯರ್ ಹೇಳಿದ. ಅವನು ಬೆಳಗಾವಿ ಕಡೆಯವನು. ಕಾರಿನಲ್ಲಿ ಇದ್ದದ್ದು ಓಡಿಸುತ್ತಿದ್ದ ಸಾಹೇಬರು ಮತ್ತು ಹಿಂದಿನ ಸೀಟಿನಲ್ಲಿ ಅವನು, ಅಷ್ಟೇ. ಗಾರ್ಡ್ ಗೇಟು ಎತ್ತಲಿಲ್ಲ. "ಸಾಬ್, ಒಬ್ಬರು ಕಡಿಮೆ."

"ಏಯ್, ಆ ನಿಯಮ ಬರೆದವನೇ ನಾನು!"

"ಹಾಗಾದರೆ ನಿಮಗೆ ಗೊತ್ತೇ ಇದೆಯಲ್ಲ ಸಾಬ್."

ಸಾಹೇಬರು ಟೈ ಸರಿಮಾಡಿಕೊಂಡರು, ಕಿಟಕಿ ಇಳಿಸಿದರು, ಬಸ್ ಸ್ಟಾಪಿನ ಕಡೆ ತಿರುಗಿ ಕೂಗಿದರು: "ಬೇಲಾಪುರ್! ಏಕ್ ಸೀಟ್, ಏಕ್ ಸೀಟ್!"

ಕಾರು ಮೇಲೆ ಬಂತು. ಆಫೀಸರ್ ಬಗ್ಗಿ ಎಣಿಸಿದರು. "ಪೂರಾ ಮೂರು! ಗೇಟ್ ಇರಲಿ." ನನಗೆ ಹೋದ ಜೀವ ಬಂತು.

ಹಿಂದಿನಿಂದ ಸರ್ವೇಯರ್ ಇಳಿದ, ಬಾಯಿಗೆ ಕರ್ಚೀಫ್ ಒತ್ತಿಕೊಂಡು. ಮುಂದಿನ ಸೀಟಿನಿಂದ, ನನ್ನ ಡಬ್ಬ ಹಿಡಿದುಕೊಂಡು, ಅಮ್ಮ.

"ನಿನಗೆ ಊಟ ತಂದೆ. ಇಲ್ಲಿಗೆ ಬರ್ಲಿಕ್ಕೆ ಬೇಲಾಪುರದ ಬಸ್ಸಿಗೆ ಕಾಯ್ತಾ ಇದ್ದೆ, ಈ ಡ್ರೈವರ್ ಕರೆದ್ರು. ಕನ್ನಡದವರೇ! ನನಗೆ ಜಾಗ ಮಾಡಿ, ಇವರೂ ಬ್ಯಾಗನ್ನ ಹಿಂದೆ ಬೆಲ್ಟ್ ಹಾಕಿ ಕೂರಿಸಿದ್ರು. ಅದು ನೋಡಿ ನೆನಪಾಯ್ತು, ನಿನ್ನ ಸಾಹೇಬರ ಕತೆ ಪೂರ್ತಿ ಹೇಳಿದೆ."

ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಎಂತ ಜನ ಮಾರಾಯ್ತಿ, ಒಂದು ಸಲವೂ ನಗ್ಲಿಲ್ಲ!"